ಒಂಥರಾ

ಮೂಳೆ ಮುರಿದದ್ದು ಡಾಕ್ಟರ ಪಾಲಿಗೆ.
ಮುರಿದ ಮೇಲೆ ಮಲಗಿರುವುದು ಹೇಗೆ,
ಅದು ನಮ್ಮದು. ಅದಕ್ಕೂ ಪುಸ್ತಕವಿದೆ:
ಹದಿಮೂರು ವಲಯ, ನಲವತ್ತೇಳು ವರ್ಗ,
ಒಂದೊಂದು ಸಂಕಟಕ್ಕೂ ಐದಂಕಿ.

ಸೊನ್ನೆ ಸೊನ್ನೆ ಒಂದು ಮೂರು ಎರಡು: ತೀವ್ರ ನೋವು.
ಸೊನ್ನೆ ಸೊನ್ನೆ ಸೊನ್ನೆ ನಾಲ್ಕು ಏಳು: ಚರ್ಮ ಕೆಡುವ ಅಪಾಯ.
ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ
ಮಗ್ಗಿಯ ಹಾಗೆ ಉರು ಹೊಡೆದದ್ದು
ಇನ್ನೂ ನಾಲಿಗೆಯಿಂದ ಇಳಿದಿಲ್ಲ.

ಬರೆಯುವ ಕ್ರಮವೂ ಒಂದೇ:
ಏನು. ಯಾವುದರಿಂದ. ಏನು ನೋಡಿ ಹೇಳುತ್ತೀ.
ಮೂರನೆಯ ಖಾನೆ ಖಾಲಿ ಬಿಟ್ಟರೆ
ಫ್ಲಾವಿಯಾ ಸಿಸ್ಟರ್ ಹಾಳೆ ವಾಪಸ್ ಕಳಿಸುತ್ತಾರೆ:
'ಕನಿಕರ ಸಾಕ್ಷಿಯಲ್ಲ, ಹುಡುಗಿ.'

ಮಂಡ್ಯದ ಆಸ್ಪತ್ರೆ, ಹೆಂಗಸರ ಮೂಳೆ ವಾರ್ಡು,
ಹದಿನಾಲ್ಕನೇ ಮಂಚ. ನಿಂಗಾಜಮ್ಮ, ಅರವತ್ತೆಂಟು,
ಕೊತ್ತತ್ತಿ ಕಡೆಯವರು. ತೊಡೆಗೆ ರಾಡು ಹಾಕಿ ಮೂರನೇ ದಿನ.
ಬೆಳಗಿನ ಜಾವ ಮೂರೂಕಾಲು.
'ನೋವು ಹತ್ತಕ್ಕೆ ಎಷ್ಟಜ್ಜಿ?'
'ನೋವಿಲ್ಲ ಕನವ್ವ.'
'ಉಸಿರು?'
'ಆಡ್ತಾ ಅದೆ.'
'ಮತ್ಯಾಕೆ ನಿದ್ದೆ ಮಾಡ್ತಿಲ್ಲ?'
'ಒಂಥರಾ ಆಯ್ತದೆ.'

ಒಂಥರಾ.
ಪುಸ್ತಕದಲ್ಲಿ ಹುಡುಕಿದೆ.
ಆತಂಕ ಇದೆ, ಭಯ ಇದೆ,
ಎರಡಕ್ಕೂ ಇರುವ ಅಂತರ ಒಂದೂವರೆ ಪುಟ ಇದೆ.
ನೆಮ್ಮದಿ ಕೆಟ್ಟಿರುವುದು ಇದೆ. ನಿದ್ದೆಯ ಲಯ ತಪ್ಪಿರುವುದು ಇದೆ.
ದೂರದ ಯಾವುದೋ ಊರಿನಲ್ಲಿ
ಉದ್ದನೆಯ ಮೇಜಿನ ಸುತ್ತ ಕೂತವರು
ಕೈಯೆತ್ತಿ ಒಪ್ಪಿದ ಮಾತುಗಳು.
ಅವರಲ್ಲಿ ಯಾರ ಅಜ್ಜಿಯೂ
ಒಂಥರಾ ಅಂದಿರಲಿಲ್ಲವೇನೋ.

'ಏನವ್ವ, ಅಷ್ಟೊಂದು ಹುಡುಕ್ತೀಯ?'
ಹೇಳಿದೆ. ನಕ್ಕರು.
'ನಮ್ಮಲ್ಲೂ ಹಂಗೇಯ.
ಒಂದೇ ಕಬ್ಬಿನಾಲು, ಒಂದೇ ಕೊಪ್ಪರಿಗೆ,
ಇಳಿಸಿದ ಮ್ಯಾಕೆ ಅಚ್ಚು, ಬಕೆಟ್ಟು, ಕುರಿಕಟ್ಟು.
ಹೆಸರಿಲ್ದಿದ್ರೆ ಮಂಡಿಯೋನು ತಕ್ಕಂಡಾನಾ?
ಕೊಪ್ಪರಿಗೆ ತಳದಾಗೆ ಒಂಚೂರು ಹತ್ಕಂಡಿರ್ತದೆ.
ಅದ್ನ ಐಕ್ಳು ಕೆರ್ಕಂಡು ತಿಂತವೆ.'

ಆದರೂ ನಾನು ಸಂಖ್ಯೆಯ ಪಕ್ಷವೇ.
ಹೋದ ವರ್ಷ ಇದೇ ಸಾಲಿನ ಕೊನೆಯ ಮಂಚದಲ್ಲಿ
'ರೋಗಿ ಆರಾಮಾಗಿದ್ದಾರೆ' ಎಂದು
ಮೂರು ಪಾಳಿಯಲ್ಲಿ ಮೂವರು ಬರೆದೆವು.
ತಿರುಗಿಸಿ ನೋಡಿದರೆ ಬೆನ್ನಿನ ಕೆಳಗೆ
ಅಂಗೈಯಗಲ ಹುಣ್ಣು.
ಮೂವರಲ್ಲಿ ಒಬ್ಬಳು ನಾನು.
ಆ ಐದಂಕಿ ಅಲ್ಲಿದ್ದಿದ್ದರೆ
ಎರಡು ಗಂಟೆಗೊಮ್ಮೆ ಯಾರಾದರೂ
ಮಗ್ಗುಲು ಬದಲಿಸುತ್ತಿದ್ದರು.
ನಾನು ಬಸ್ಸು ಹತ್ತಿ ಮನೆಗೆ ಹೋಗಿ
ಮುಸುಕು ಹೊದ್ದು ಮಲಗಿದಾಗಲೂ
ಅದು ವಾರ್ಡಿನಲ್ಲಿ ಎದ್ದಿರುತ್ತದೆ.

ಮಾರನೇ ರಾತ್ರಿಯೂ ಅದೇ. ಮೂರೂಕಾಲು.
ಈ ಸಲ ಪುಸ್ತಕ ತೆರೆಯಲಿಲ್ಲ.
'ಊರಲ್ಲಿದ್ದಿದ್ರೆ ಈ ಹೊತ್ತಿಗೆ ಏನು ಮಾಡ್ತಿದ್ರಿ?'
'ಇನ್ನೇನು. ಆಲೆಮನೆ ಒಲೆಗೆ ರಚ್ಚು ತುಂಬೋದು.
ಮೂವತ್ತೊರ್ಸ ಆಯ್ತು.'
ಆಗ ನೋಡಿದೆ ಕೈಗಳನ್ನು.

ಬರೆದೆ:
ನಿದ್ದೆಯ ಲಯ ತಪ್ಪಿರುವುದು, ಸಂಖ್ಯೆ ಸಮೇತ.
ಯಾವುದರಿಂದ: ಒಲೆ ಹಚ್ಚುವ ಹೊತ್ತು.
ಸಾಕ್ಷಿ: ಎರಡೂ ಕೈ ಹೊದಿಕೆಯ ಅಂಚನ್ನು
ಮಡಚಿ ಮಡಚಿ ಮುಂದಕ್ಕೆ ತಳ್ಳುತ್ತವೆ.
'ಒಂಥರಾ' ಎನ್ನುತ್ತಾರೆ.

ಫ್ಲಾವಿಯಾ ಸಿಸ್ಟರ್ ಕೆಂಪು ಪೆನ್ನು ತೆಗೆದರು.
ಮೊದಲ ಸಾಲಿಗೆ ಟಿಕ್.
ಎರಡನೆಯದನ್ನು ಎರಡು ಸಲ ಓದಿ
ಪೆನ್ನಿನ ಕ್ಯಾಪು ಮುಚ್ಚಿದರು.
'ಕಾಗುಣಿತ ಸರಿ ಮಾಡು' ಎಂದರು.
ಎಲ್ಲಿ ತಪ್ಪಿದೆ ಎಂದು ಹೇಳಲಿಲ್ಲ.

ನನ್ನ ರಜೆ ಮುಗಿಸಿ ಬಂದಾಗ
ಕೆಳಗೆ ಶಹತಾಜಳ ಓರೆ ಅಕ್ಷರ:
ಮೂರೂ ಹತ್ತು. ಒಂಥರಾ.
ಮಡಚಲು ಗಾಜ್ ಬಟ್ಟೆ ಕೊಟ್ಟೆ. ನಲವತ್ತು ಮಡಚಿದರು.
ನಾಲ್ಕೂ ಮುಕ್ಕಾಲಿಗೆ ನಿದ್ದೆ.
ಬಟ್ಟೆಯನ್ನು ಆಟೋಕ್ಲೇವಿಗೆ ಕಳಿಸಿದೆ.