ಬರ್ಕತ್

ಹತ್ತು ಗಂಟೆಗೆ ಆಡಿಟ್‌ನವರು ಬರುತ್ತಾರೆ.
ಅವರದು ಒಂದೇ ಪ್ರಶ್ನೆ: ನಿಮ್ಮಲ್ಲಿ ಎಷ್ಟು ಯಂತ್ರಗಳಿವೆ?

ಕಣ್ಣಿಗೆ ಕಾಣುವುದಾದರೆ ಮೂರು.
ಆಸ್ಪತ್ರೆಯ ನೆಲಮಾಳಿಗೆ, ಎಕ್ಸ್‌ರೇ ಕೋಣೆಯ ಪಕ್ಕ,
ಮೂರು ಕಪ್ಪು ಪೆಟ್ಟಿಗೆ, ಮೂರಕ್ಕೂ ಸೇರಿ ಒಂದೇ ಎ.ಸಿ.,
ಅದರ ಹನಿ ಹಿಡಿಯಲು ವಾರ್ಡಿನಿಂದ ತಂದ ಬಕೆಟ್ಟು.
ಉಳಿದವೆಲ್ಲ ಒಳಗೆ:
ಮೈಯಿಲ್ಲದವು, ಹೆಸರಿರುವವು,
ಇದ್ದೊಂದು ಉಸಿರನ್ನು ಹಂಚಿಕೊಂಡೇ
ಇಡೀ ಮನೆಗೆ ತಾನೇ ಯಜಮಾನ ಎಂದುಕೊಂಡವು.

"ಒಂದೊಂದೇ ತೆಗೆದು ಬರಕಳ್ಳಾಣ ಬಿಡ್ರಿ ಮೇಡಂ,
ರಾತ್ರಿ ಪೂರ್ತಿ ಐತಲ್ಲ," ಎಂದ ಕೊಟ್ರೇಶಿ.
ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಕೆಂಪು ಪೆನ್ನು.
ನಾನು ಹದಿನೆಂಟು ಸಾಲು ಸ್ಕ್ರಿಪ್ಟು ಬರೆದೆ.

ಬಾಗಿಲು ತಟ್ಟು. ಪಾಸ್‌ವರ್ಡ್ ಹೇಳು.
ಎಲ್ಲರನ್ನೂ ಅಕಾರಾದಿಯಾಗಿ ಸಾಲು ನಿಲ್ಲಿಸು.
ಒಬ್ಬೊಬ್ಬರನ್ನೂ ಕೇಳು:
ಎದ್ದಿದ್ದೀಯೋ, ಮಲಗಿದ್ದೀಯೋ?
ನೆನಪು ಎಷ್ಟು? ವಿಳಾಸ ಯಾವುದು?
ಯಾವ ಪೆಟ್ಟಿಗೆಯಲ್ಲಿ ವಾಸ? ಯಾರು ಒಡೆಯ?
ಉತ್ತರ ಬಾರದಿದ್ದರೆ ಗೀಟೆಳೆದು ಮುಂದೆ ಹೋಗು,
ಜಗಳ ಬೇಡ.

ಮೊದಲ ಸಲ ಹೊಸ್ತಿಲಲ್ಲೇ ಮುಗ್ಗರಿಸಿತು,
ನಾನೊಂದು ಆವರಣ ಮುಚ್ಚಿರಲಿಲ್ಲ.
ಎರಡನೇ ಸಲ ಎಲ್ಲರೂ ಮಲಗಿದ್ದಾರೆ ಎಂದಿತು,
ಹೆರಿಗೆ ವಾರ್ಡಿನದೂ ಕೂಡ.
ಅಲ್ಲಿ ಆಗಲೇ ಯಾರೋ ಹುಟ್ಟಿ, ಬಿಲ್ಲು ಮುದ್ರಣವಾಗುತ್ತಿತ್ತು.
ಮೂರನೇ ಸಲ ಇಳಿದವು ಸಾಲು ಸಾಲಾಗಿ:
ಬಿಲ್ಲಿಂಗ್, ಎದ್ದಿದೆ. ಬ್ಲಡ್‌ಬ್ಯಾಂಕ್, ಎದ್ದಿದೆ.
ಲ್ಯಾಬ್-ಹಳೇದು, ಮಲಗಿದೆ.
ಟೆಸ್ಟ್, ಟೆಸ್ಟ್-೨, ಟೆಸ್ಟ್-ಅಳಿಸಬೇಡಿ.
ಒಟ್ಟು ಅರವತ್ತು.

"ಬ್ಯಾಕಪ್ ವರದಿಯಾಗ ಅರವತ್ತೊಂದು ಐತಲ್ರಿ?"

ಎರಡೂವರೆ. ಹೊರಗೆ ಬಂದು ನಿಂತೆ.
ದಾವಣಗೆರೆಯಲ್ಲಿ ಆ ಹೊತ್ತಿಗೂ ಎಚ್ಚರವಿರುವುದು
ಆಸ್ಪತ್ರೆ ಮತ್ತು ಭಟ್ಟಿ.
ಗಾಳಿಯಲ್ಲಿ ಹೊಟ್ಟಿನ ಹೊಗೆ, ಕಾದ ಮರಳು, ಅರಳಿದ ಅಕ್ಕಿ.
ನನ್ನ ದಾದಿ ಖಾಸಿಂಬಿ ಅಲ್ಲೇ ಮಂಡಕ್ಕಿ ಅಳೆಯುತ್ತಿದ್ದಳು,
ಕಿವಿಯವರೆಗೂ ಮಸಿ, ಕೈಯಲ್ಲಿ ನೆಗ್ಗಿದ ಸೇರು.
ಒಂದು ಎಂದವಳೇ ಅಲ್ಲ.
ಮೊದಲ ಸೇರು ಚೀಲಕ್ಕೆ ಬಿದ್ದರೆ, ಬರ್ಕತ್.
ಆಮೇಲೆ ಎರಡು, ಆಮೇಲೆ ಮೂರು.
ಚೀಲದ ಬಾಯಿ ಹಿಡಿದ ಹರಪನಹಳ್ಳಿಯ ಹಾಲಪ್ಪ
ಅದಕ್ಕೇ ಲಾಭ ಎನ್ನುತ್ತಿದ್ದ.
ಇಬ್ಬರ ಲೆಕ್ಕವೂ ತಾಳೆಯಾಗುತ್ತಿತ್ತು.
ಆರು ವರ್ಷದ ನಾನು ಕೇಳಿದ್ದೆ:
ಹಂಗಾದ್ರೆ ಒಂದು ಎಲ್ಲಿ ಹೋತು?
"ಎಲ್ಲಿಗೂ ಹೋಗಿಲ್ಲ ಬೇಟಿ, ತಳದಾಗ ಐತೆ.
ಉಳಿದಿದ್ದೆಲ್ಲ ಅದರ ಮ್ಯಾಲೇ ಕುಂತೈತೆ."

ಓಡಿ ಬಂದೆ. ಇಲ್ಲ, ನಡೆದೇ ಬಂದೆ,
ಯಾರೋ ಮೆಟ್ಟಿಲಿಗೆ ಫಿನಾಯಿಲ್ ಹಾಕಿ ಒರೆಸಿದ್ದರು.
ಹನ್ನೊಂದನೇ ಸಾಲು: ನಾನು ಒಂದರಿಂದ ಎಣಿಸಿದ್ದೆ.
ಯಂತ್ರ ಎಣಿಸುವುದು ಸೊನ್ನೆಯಿಂದ.
ತಿದ್ದಿದೆ. ಅರವತ್ತರ ನೆತ್ತಿಯ ಮೇಲೆ
ಇನ್ನೊಂದು ಹೆಸರು ಬಂದು ಕೂತಿತು: ಅಜ್ಜ.
ಎದ್ದಿದೆ. ನೆನಪು, ಒಂದು ಚಿಟಿಕೆ.
ಸಾವಿರದ ಇನ್ನೂರ ಆರು ದಿನದಿಂದ ರೆಪ್ಪೆ ಹಾಕಿಲ್ಲ.
ಒಡೆಯ: ಗೀಟು.

"ಯಾರಿಗೂ ಬ್ಯಾಡಾದದ್ದು. ಆರಿಸಿಬಿಡ್ಲೇನ್ರಿ?"
ಕೊಟ್ರೇಶಿಯ ಬೆರಳು ಆಗಲೇ ಮೌಸಿನ ಮೇಲೆ.
ತಡಿಯೋ, ಎಂದೆ.
ಒಳಹೊಕ್ಕು ನೋಡಿದರೆ ಅದಕ್ಕಿದ್ದದ್ದು ಒಂದೇ ಕೆಲಸ,
ಮಿಕ್ಕ ಅರವತ್ತಕ್ಕೂ ವೇಳೆ ಹೇಳುವುದು.
ಹುಟ್ಟಿದ ಗಳಿಗೆ, ಹೋದ ಗಳಿಗೆ,
ಐದನೇ ಹಾಸಿಗೆಗೆ ಇಂಜೆಕ್ಷನ್ ಕೊಟ್ಟ ಗಳಿಗೆ,
ಎಲ್ಲ ಅದನ್ನು ಕೇಳಿಯೇ ಬರೆದದ್ದು.

ಒಡೆಯರ ಅಂಕಣದಲ್ಲಿ ಮುಬೀನಾ ಎಂದು ನನ್ನ ಹೆಸರು ತುಂಬಿದೆ.
ಹನ್ನೊಂದನೇ ಸಾಲಿನ ಮೇಲೆ
ಯಂತ್ರ ಓದದೆ ದಾಟಿಹೋಗುವ ಒಂದು ಟಿಪ್ಪಣಿ ಬರೆದೆ:
ಬರ್ಕತ್‌ನಿಂದ ಶುರು ಮಾಡು.

ಕೊಟ್ರೇಶಿ ಬಗ್ಗಿ ಓದಿದ.
"ಬರ್ಕತ್ ಅಂದ್ರೆ ಯಾರ್ರೀ, ಮೊದ್ಲು ಇಲ್ಲಿ ಕೆಲಸಕ್ಕಿದ್ದೋರಾ?"

ಹೂಂ, ಎಂದೆ. ಭಟ್ಟಿಯಲ್ಲಿದ್ದರು.