ಬದುವಿನ ಮರ

ಪೆದ್ದಕ್ಕ ತಂದ ಚೀಲದಲ್ಲಿ ಎಂಟು ಬೇನಿಷಾ,
ಗಂಗುಲಮ್ಮನ ಬುಟ್ಟಿಯಲ್ಲಿ ಆರು.
ಎರಡರ ಮೇಲೂ ಚಿಬ್ಬು:
ಕಪ್ಪಗೆ, ತುಸು ಕುಸಿದು, ಹೆಬ್ಬೆಟ್ಟು ಒತ್ತಿದ ಹಾಗೆ.
ರೋಣೂರಿನ ಕಡೆಯಿಂದ ಒಂದೇ ಬಸ್ಸಿನಲ್ಲಿ ಬಂದವರು
ಕೋಲಾರದಲ್ಲಿ ಬೇರೆ ಬೇರೆ ಬಾಗಿಲಿಂದ ಇಳಿದಿದ್ದರು.

‘ಅವಳ ತೋಟದ್ದು ನನ್ನ ತೋಟಕ್ಕೆ ಬಂತು, ಬರೆದುಕೊಡಮ್ಮ.’
‘ಇವಳದ್ದೇ ನನಗೆ ಅಂಟಿದ್ದು. ಠಸ್ಸೆ ಹಾಕಿ ಕೊಡು.’
ಓರಗಿತ್ತಿಯರು. ಪಾಲಾಗಿ ಹತ್ತೊಂಬತ್ತು ವರ್ಷ.
ನಡುವೆ ಒಂದು ಬದು, ಬದುವಿನ ಮೇಲೊಂದು ಮರ.
ಅದರ ಹಣ್ಣನ್ನು ಮಾತ್ರ ಯಾರೂ ತಂದಿರಲಿಲ್ಲ.

ನಾನು ಆಲೂಗಡ್ಡೆ ಬೇಯಲಿಟ್ಟೆ.
ನಮ್ಮ ಕೆಲಸ ಶುರುವಾಗುವುದೇ ಅಡುಗೆಯಿಂದ:
ಇನ್ನೂರು ಗ್ರಾಂ, ಬಸಿದ ನೀರು, ಸಕ್ಕರೆ, ಅಗರ್.
ಚಿಬ್ಬಿನ ಅಂಚಿಂದ ಎಳ್ಳಷ್ಟು ಕೊಯ್ದು
ಗಾಜಿನ ತಟ್ಟೆಗೆ ಬಡಿಸಿ ಮುಚ್ಚಿದೆ.
ಏಳನೆಯ ದಿನ ಎರಡೂ ತಟ್ಟೆಯಲ್ಲಿ
ಬೂದಿ ಮಿಶ್ರಿತ ಹತ್ತಿ, ನಡುವೆ ಕಿತ್ತಳೆ ಬಣ್ಣದ ಜಿಗುಟು ಹನಿ.
ಪೆದ್ದಕ್ಕನದು ಒಂದಿಷ್ಟು ಕಪ್ಪು ಅನಿಸಿತು;
ಎರಡು ದಿನ ಬಿಟ್ಟು ನೋಡಿದರೆ ಗಂಗುಲಮ್ಮನದೂ ಅಷ್ಟೇ ಕಪ್ಪು.

ಮಸೂರದಡಿಯಲ್ಲಿ
ನೆನೆಸಿದ ಅಕ್ಕಿಕಾಳಿನಂಥ ಬೀಜಕಣ,
ಬಣ್ಣವಿಲ್ಲ, ಎರಡೂ ತುದಿ ದುಂಡಗೆ.
ನೂರು ಅಳೆದೆ ಈಕೆಯವು, ನೂರು ಆಕೆಯವು.
ಹದಿನಾಲ್ಕು ಮೈಕ್ರಾನ್, ಹದಿನೈದು, ಹದಿನಾಲ್ಕೂವರೆ.
ಬಲಗಣ್ಣು ನೀರಾಡಿತು.
ಪೆನ್ನಿನ ಮುಚ್ಚಳ ತೆಗೆದಿದ್ದೆ, ‘ಒಂದೇ’ ಎಂದು ಬರೆಯಲು.

ಬರೆಯಲಿಲ್ಲ. ಯಾಕೆಂದರೆ
ನನಗೂ ನನ್ನ ಅಕ್ಕನಿಗೂ ಒಂದೇ ಮೂಗು, ಒಂದೇ ನಡಿಗೆ;
ಶಾಲೆಯಲ್ಲಿ ಅವಳ ತಪ್ಪಿಗೆ ಎರಡು ಸಲ
ನಾನು ಏಟು ತಿಂದಿದ್ದೇನೆ.

ಅರೆದೆ. ಅರವತ್ತೈದು ಡಿಗ್ರಿಯ ನೀರಲ್ಲಿ ಕೂರಿಸಿದೆ.
ತಣ್ಣನೆಯ ಆಲ್ಕೋಹಾಲು ಇಳಿಬಿಟ್ಟಾಗ
ಟ್ಯೂಬಿನಲ್ಲಿ ಎದ್ದದ್ದು ಜೇಡನ ನೂಲಿನಷ್ಟು ಡಿಎನ್ಎ.
ಯಂತ್ರದಲ್ಲಿ ಮೂವತ್ತೈದು ಸುತ್ತು, ಬಿಸಿ, ತಂಪು, ಬಿಸಿ.
ಇಪ್ಪತ್ತೆರಡಕ್ಕೆ ಕರೆಂಟು ಹೋಯಿತು.
ಮತ್ತೆ ಮೊದಲಿಂದ.
ಎಲ್ಲರೂ ಮೊದಲು ಓದುವ ತುಣುಕು
ಅದೂ ‘ಒಂದೇ’ ಅಂದಿತು.
ಹಟಕ್ಕೆ ಬಿದ್ದು ಇನ್ನೊಂದು ಜೀನ್ ಓದಿಸಿದೆ.
ಒಂಬತ್ತು ದಿನದ ಮೇಲೆ ಬಂದ ಸಾಲುಗಳನ್ನು
ಒಂದರ ಕೆಳಗೊಂದು ಜೋಡಿಸಿ, ಬೆರಳಿಟ್ಟು ಹೋಗುತ್ತಾ
ಇಲ್ಲಿ ಟಿ ಇರುವಲ್ಲಿ ಅಲ್ಲಿ ಸಿ.
ಹನ್ನೊಂದು ಅಕ್ಷರ ದಾಟಿ ಇನ್ನೊಂದು.
ಒಟ್ಟು ಇಪ್ಪತ್ಮೂರು ಕಡೆ.
ಇವರ ತೋಟಕ್ಕಿಂತ ಎಷ್ಟೋ ಸಾವಿರ ವರ್ಷ ಮೊದಲೇ
ಪಾಲಾಗಿ ಹೋದವು ಇವು.

‘ನಿಮ್ಮದು ಅವರಿಗೆ ಹೋಗಿಲ್ಲ, ಅವರದು ನಿಮಗೆ ಬಂದಿಲ್ಲ.
ಔಷಧಿಯೂ ಬೇರೆ ಬೇರೆ.’
ಇಬ್ಬರ ಮುಖವೂ ಒಟ್ಟಿಗೇ ಬಾಡಿತು.
‘ಮತ್ತೆ ಇಷ್ಟು ವರ್ಷ ಬೈದದ್ದು?’ ಅಂದಳು ಗಂಗುಲಮ್ಮ,
ಯಾರನ್ನೂ ನೋಡದೆ.
ಪೆದ್ದಕ್ಕ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿದಳು,
ಬಿಚ್ಚಿದಳು, ಮತ್ತೆ ಮಡಿಚಿದಳು.

ಮರುವಾರ ಹೋಗಿ ಬದುವಿನ ಮರದಿಂದ
ಒಂದೇ ಒಂದು ಹಣ್ಣು ತಂದೆ.
ಎರಡು ಚಿಬ್ಬು ಇದ್ದವು, ನಡುವೆ ಕಿರುಬೆರಳಿನ ಅಂತರ.
ಒಂದರಲ್ಲಿ ಟಿ, ಇನ್ನೊಂದರಲ್ಲಿ ಸಿ.

ಅವರಿಗೆ ಇನ್ನೂ ಹೇಳಿಲ್ಲ.
ನಮ್ಮ ನಮೂನೆಯಲ್ಲಿ ತಳಿ, ತಾರೀಖು, ಊರು ತುಂಬಿದೆ.
ಒಡೆಯರ ಹೆಸರು ಅನ್ನುವ ಕಡೆ
ಪೆನ್ನು ಹಿಡಿದು ಕೂತಿದ್ದೇನೆ.