ಇಪ್ಪತ್ತೆಂಟು ಕಳೆಯಬೇಕು

ಹಗಲು ನಾನು ಏಸಿ ಮೆಕ್ಯಾನಿಕ್ಕು.
ಮುಹರ್ರಕಿನ ತಾರಸಿಗಳ ಮೇಲೆ
ಕಾದ ಕಾವಲಿಯಂಥ ತಗಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ಉಬ್ಬಿದ ಕೆಪಾಸಿಟರ್ ಕಿತ್ತು ಹೊಸತು ಹಾಕುತ್ತೇನೆ.
ಕೆಳಗೆ ಯಾರದೋ ಮಗು ತಣ್ಣಗೆ ನಿದ್ದೆಹೋಗುತ್ತದೆ.

ರಾತ್ರಿಯೂ ಅದೇ ಕೆಲಸ,
ಕೆಪಾಸಿಟರು ಮಾತ್ರ ಕಿರುಬೆರಳ ತುದಿಯಷ್ಟು.
ರೂಮಿನ ಮೂಲೆಯಲ್ಲಿ ನಿಂತಿದೆ,
ಅಕ್ಕಿಡ್ರಮ್ಮಿನ ಎತ್ತರ, ಬೀಡಿ ಸೇದುವವರ ಹಲ್ಲಿನ ಬಣ್ಣ,
ಲೆಕ್ಕದ ಕಂಪ್ಯೂಟರು.
ಹಡಗುಗಳಿಗೆ ಹಗ್ಗ, ಪೇಂಟು, ಈರುಳ್ಳಿ ಒದಗಿಸುವ ಕಂಪನಿಯಲ್ಲಿ
ಹದಿನಾಲ್ಕು ವರ್ಷ ದುಡಿದು, ಗೋದಾಮಲ್ಲಿ ಧೂಳು ತಿಂದು
ಕಡೆಗೆ ತಕ್ಕಡಿ ಹತ್ತಿತ್ತು.
ಸ್ಕ್ರಾಪಿನ ಪಠಾಣ ಚೌಕಾಸಿಗೆ ಬಗ್ಗಲಿಲ್ಲ:
'ಕಿಲೋಗೆ ಇಷ್ಟು. ತಲೆಗೆ ಬೇರೆ ರೇಟಿಲ್ಲ.'
ಅರವತ್ತೊಂದು ಕಿಲೋ.

ನಾಲ್ಕು ಜನರ ರೂಮು. ಪೋಕರಾಕ ಕೇಳುತ್ತಾರೆ:
'ಇದು ಪದ ಹೇಳ್ತದಾ? ಊರಿಗೆ ಫೋನ್ ಮಾಡ್ತದಾ?
ಸುಮ್ಮನೆ ಕರೆಂಟ್ ತಿನ್ನುವ ಎಮ್ಮೆ.'
ಎಮ್ಮೆಯೇ ಸರಿ. ಸ್ವಿಚ್ಚೊತ್ತಿದರೆ ಮೊದಲೊಂದು ನಿಟ್ಟುಸಿರು,
ಡಿಸ್ಕು ತಿರುಗಿ ತಿರುಗಿ ಹದಕ್ಕೆ ಬರುವಷ್ಟರಲ್ಲಿ
ಒಂದು ಸುಲೈಮಾನಿ ಕುಡಿದು ಲೋಟ ತೊಳೆದಿಡಬಹುದು.
ಕಡಲ ಉಪ್ಪುಗಾಳಿಗೆ ಪಿನ್ನುಗಳು ಕಿಲುಬುತ್ತವೆ,
ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜುತ್ತೇನೆ.
ಪ್ರಿಂಟರಿಗೆ ಹಾಕಿದ್ದು ಹೊಲಿಗೆ ಮಿಷನ್ನಿನ ಬೆಲ್ಟು.

ಕಪ್ಪಿನೊಳಗಿಂದ ಹಸಿರು ಅಕ್ಷರ ಬಂದು
ತಾರೀಕು ಕೇಳುತ್ತದೆ.
ಎರಡು ಸಾವಿರವೆಂಬ ಇಸವಿಯನ್ನು ಇದಕ್ಕೆ ಯಾರೂ ಹೇಳಿಕೊಟ್ಟಿಲ್ಲ.
ಇಪ್ಪತ್ತೆಂಟು ಕಳೆಯಬೇಕು.
ಕಳೆದರೆ ಸೋಮವಾರದ ಮೇಲೆ ಸೋಮವಾರ ಸರಿಯಾಗಿ ಕೂರುತ್ತದೆ.
ಹಾಗಾಗಿ ಆ ಮೂಲೆಯಲ್ಲಿ
ಇದು ತೊಂಬತ್ತೆಂಟರ ಮೇ ತಿಂಗಳು,
ಶನಿವಾರ ಇನ್ನೂ ಆಫೀಸು ತೆರೆಯುವ ದಿನ,
ನನಗೆ ಎರಡು ವರ್ಷ, ಉಳ್ಳಾಲದ ಅಂಗಳದಲ್ಲಿ ಮರಳು ತಿನ್ನುತ್ತಿದ್ದೇನೆ.

ಎಲ್ಲೋ ಡಾಲರಿನ ಊರಲ್ಲಿ ಹುಟ್ಟಿದ್ದು.
ಪಾಯಿಂಟಿನ ಆಚೆ ಎರಡೇ ಮನೆ.
ದಿನಾರಿಗೆ ಸಾವಿರ ಫಿಲ್ಸು, ಮೂರು ಮನೆ ಬೇಕು.
ಮೂರನೆಯದನ್ನು ಯಾರೋ ಕೈಯಾರೆ ಕಟ್ಟಿದ್ದಾರೆ.
ಪ್ರೋಗ್ರಾಮಿನ ನಡುವೆ ಒಂದು ಸಾಲು:
ಬಿ. ಪಾಯ್ಸ್, ರಾತ್ರಿ 2.40.

ಇಗರ್ಜಿಯ ಬಾಗಿಲಲ್ಲಿ ವಿಚಾರಿಸಿ ವಿಚಾರಿಸಿ
ಗುದೈಬಿಯಾದಲ್ಲಿ ಮಗಳ ಮನೆಯಲ್ಲಿ ಸಿಕ್ಕರು
ಬೊನವೆಂಚರ್ ಪಾಯ್ಸ್.
ಶುಕ್ರವಾರ ಸಂಜೆ ಬಂದು, ಚಪ್ಪಲಿ ಹೊರಗೆ ಬಿಟ್ಟು,
ಕುರ್ಚಿ ಬೇಡವೆಂದು ಪೋಕರಾಕನ ಮಂಚದ ಅಂಚಿಗೆ ಕೂತರು.
ನನಗೆ ಎಂದೂ ತೆರೆಯದ ಸಂಬಳದ ಪಟ್ಟಿ
ಪಾಸ್‌ವರ್ಡ್ ಕೇಳಿತು.
'ನೆನಪಿಲ್ಲ' ಎಂದು ಬಾಯಿ ಹೇಳುತ್ತಿರುವಾಗಲೇ
ಬೆರಳು ಹೊಡೆದು ಮುಗಿಸಿತ್ತು.
ನಾನು ಗೋಡೆಯ ಕಡೆ ನೋಡಿದೆ.

ಹೆಸರುಗಳು ಒಂದೊಂದಾಗಿ ಮೇಲೆ ಸರಿದವು.
ಇವನು ಸತ್ತ, ಇವನು ಓಡಿಹೋದ,
ಇವನು ಬಾರಿ ಜೋರಿದ್ದ, ಎನ್ನುತ್ತಾ ಬಂದು
ತನ್ನದರ ಎದುರು ನಿಂತರು.
ಮಾರ್ಚ್ ತೊಂಬತ್ತೆಂಟು, ಅಡ್ವಾನ್ಸು, 40.000.
ಬಾಕಿ. ವಿಳಂಬ ಎರಡು ತಿಂಗಳು.
'ಫ್ರಿಜ್ಜಿಗೋ ಟಿಕೇಟಿಗೋ, ಯಾವುದಕ್ಕೋ ತೆಗೊಂಡದ್ದು.
ಕಂಪನಿ ಹೋಯ್ತು ಮಾರಾಯ, ಸಾಲ ಮಾತ್ರ ಹೋಗ್ಲಿಲ್ಲ ನೋಡು.'
ನಕ್ಕರು. ಆಮೇಲೆ ನಗಲಿಲ್ಲ.
ಪರ್ಸಿನಿಂದ ಇಪ್ಪತ್ತರ ಎರಡು ನೋಟು ತೆಗೆದು
ಎಮ್ಮೆಯ ಬೆನ್ನ ಮೇಲಿಟ್ಟರು.
'ಜಮಾ ಮಾಡು.'

ಮಾಡಿದೆ. ಪ್ರಿಂಟರು ಕರಕರ ಅಂದು
ಪೋಕರಾಕ ನಿದ್ದೆಗಣ್ಣಲ್ಲಿ ಬೈದು ಮಗ್ಗುಲು ಬದಲಿಸಿದರು.
ರಸೀದಿಯ ಕೊನೆಯ ಸಾಲು: ಬಾಕಿ 0.000.
ಪಾಯ್ಸ್ ಅದನ್ನು ಬಲ್ಬಿಗೆ ಹಿಡಿದು
ಕಡೆಯ ಸೊನ್ನೆಯ ಮೇಲೆ ಉಗುರಿಟ್ಟು,
'ಇದು ನಂದು' ಎಂದರು.

ನೋಟು ಯಾರದ್ದೆಂದು ಇನ್ನೂ ತೀರ್ಮಾನವಾಗಿಲ್ಲ.
ಮುಚ್ಚಳದಡಿ, ಫ್ಯಾನಿನ ಗಾಳಿ ತಾಗದ ಕಡೆ ಇಟ್ಟಿದ್ದೇನೆ.
ನಾಳೆ ಶನಿವಾರ.
ಇದಕ್ಕೆ ಕೆಲಸದ ದಿನ. ನನಗೂ.